ಹೂ ಬಿಡದ ಮಲ್ಲಿಗೆ

ಮನೆಯ ಮುಂದೆ ಮಲ್ಲಿಗೆಬಳ್ಳಿಯೊಂದನ್ನು ನೆಟ್ಟು, ದಿನವೂ ನೀರೆರೆದು, ಗೊಬ್ಬರ ಹಾಕಿ, ಚಪ್ಪರ ಕಟ್ಟಿ ಸಲಹಿದವರಲ್ಲಿ ಅನೇಕರು ಒಂದು ದೂರನ್ನು ಹೇಳುವುದುಂಟು: “ಬಳ್ಳಿ ಸೊಂಪಾಗಿ ಬೆಳೆದಿದೆ, ಎಲೆಯೆಲ್ಲ ಕಡುಹಸುರು, ಆದರೆ ಹೂ ಮಾತ್ರ ಇಲ್ಲ.” ಪಕ್ಕದ ಬೀದಿಯಲ್ಲಿ ಯಾರೂ ಅಷ್ಟಾಗಿ ಆರೈಕೆ ಮಾಡದ ಬಳ್ಳಿಯೊಂದು ಬೇಸಗೆ ಬಂದೊಡನೆ ಮೊಗ್ಗಿನಿಂದ ತುಂಬಿಹೋಗುತ್ತದೆ. ಇದು ಅದೃಷ್ಟದ ಮಾತಲ್ಲ. ಬಳ್ಳಿಯ ಸ್ವಭಾವವನ್ನು ಅರಿಯದೆ ತೋರಿದ ಪ್ರೀತಿಯೇ ಬಹಳ ಸಲ ಹೂವಿಗೆ ಅಡ್ಡಿಯಾಗುತ್ತದೆ. ಅದು ಹೇಗೆಂಬುದನ್ನು ಇಲ್ಲಿ ನೋಡೋಣ.

ಮಲ್ಲಿಗೆಯ ಬಳಗ

ಜಾಜಿ, ಸೂಜಿಮಲ್ಲಿಗೆ, ಕಾಕಡ, ದುಂಡುಮಲ್ಲಿಗೆ ಇವೆಲ್ಲ ‘ಜಾಸ್ಮಿನಮ್’ ಎಂಬ ಒಂದೇ ಕುಲಕ್ಕೆ ಸೇರಿದವು. ನಾವು ಹೇಳಹೊರಟಿರುವುದು ದುಂಡುಮಲ್ಲಿಗೆಯ ವಿಚಾರ. ೧೭೫೩ರಲ್ಲಿ ಲಿನೇಯಸನು ಇದನ್ನು ಪಾರಿಜಾತದ ಜೊತೆಗೆ ‘ನಿಕ್ಟಾಂಥಿಸ್’, ಎಂದರೆ ‘ಇರುಳು ಹೂ’ ಎಂಬ ಕುಲದಲ್ಲಿ ಸೇರಿಸಿದ್ದನು. ೧೭೮೯ರಲ್ಲಿ ಏಟನ್ ಎಂಬ ತೋಟಗಾರಿಕೆಯ ವಿದ್ವಾಂಸನು ಇದನ್ನು ಮಲ್ಲಿಗೆಯ ಕುಲಕ್ಕೆ ತಂದು, ‘ಜಾಸ್ಮಿನಮ್ ಸಂಬಾಕ್’ ಎಂಬ ಈಗಿನ ಹೆಸರನ್ನು ಬಳಕೆಗೆ ತಂದನು. ಎಣ್ಣೆಗೆ ಹೆಸರಾದ ಆಲಿವ್ ಮರವೂ ಇದರ ದೂರದ ಬಂಧುವೇ. ಫಿಲಿಪ್ಪೀನ್ಸ್ ದೇಶವು ೧೯೩೪ರಲ್ಲಿ ಈ ಹೂವನ್ನೇ ತನ್ನ ರಾಷ್ಟ್ರೀಯ ಪುಷ್ಪವನ್ನಾಗಿ ಆರಿಸಿಕೊಂಡಿತು. ನಮ್ಮಲ್ಲಿ ಉಡುಪಿಯ ಬಳಿಯ ಶಂಕರಪುರದ ಸುತ್ತಮುತ್ತ ಅಂಗಳದ ಮಲ್ಲಿಗೆಯೇ ಎಷ್ಟೋ ಸಂಸಾರಗಳ ಆದಾಯ. ಅಲ್ಲಿ ಸುಮಾರು ೮೦೦ ಹೂಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ‘ಚೆಂಡು’, ನಾಲ್ಕು ಚೆಂಡು ಸೇರಿದರೆ ಒಂದು ‘ಅಟ್ಟೆ’. ಬಳ್ಳಿ ಹೂ ಬಿಡದಿದ್ದರೆ ಅಲ್ಲಿ ನಷ್ಟವಾಗುವುದು ಪರಿಮಳ ಮಾತ್ರವಲ್ಲ.

ಸದಾ ಹಸುರು, ಆದರೆ ವಿಶ್ರಾಂತಿಯಿಲ್ಲ

ಮಲ್ಲಿಗೆ ನಿತ್ಯಹರಿದ್ವರ್ಣದ ಬಳ್ಳಿ. ಅದರ ಎಲೆ ಎಂದೂ ಉದುರುವುದಿಲ್ಲವೆಂದು ಇದರ ಅರ್ಥವಲ್ಲ. ಹಳೆಯ ಎಲೆ ಉದುರುತ್ತಲೇ ಇರುತ್ತದೆ. ಎಲ್ಲವೂ ಒಮ್ಮೆಗೇ ಉದುರದ ಕಾರಣ ಬಳ್ಳಿ ಬೋಳಾಗಿ ಕಾಣುವುದಿಲ್ಲ, ಅಷ್ಟೆ. ಮುತ್ತುಗ, ತೇಗ ಮೊದಲಾದ ಮರಗಳು ವರ್ಷಕ್ಕೊಮ್ಮೆ ಎಲೆಯನ್ನೆಲ್ಲ ಕಳಚಿ ವಿಶ್ರಾಂತಿ ಪಡೆಯುತ್ತವೆ. ಮಲ್ಲಿಗೆಗೆ ಇಂಥ ಕಟ್ಟುಪಾಡಿಲ್ಲ. ನೀರು, ಬಿಸುಪು, ಸಾರಜನಕಗಳು ದೊರೆಯುತ್ತಿರುವವರೆಗೆ ಅದು ಎಲೆಯನ್ನೂ ಬಳ್ಳಿಯನ್ನೂ ಬೆಳೆಸುತ್ತಲೇ ಹೋಗಬಲ್ಲದು. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯು ಮತ್ತಷ್ಟು ಎಲೆಗಳಿಗೇ ವೆಚ್ಚವಾಗುತ್ತದೆ. ಹೂವಿಗೆ ಉಳಿಯುವುದು ಅತ್ಯಲ್ಪ. ನೆರಳಿನಲ್ಲಿ ಬೆಳೆದ ಬಳ್ಳಿಗಂತೂ ಗಳಿಕೆಯೇ ಕಡಮೆ. ಅದು ಬೆಳಕನ್ನು ಹುಡುಕಿಕೊಂಡು ಉದ್ದವಾಗಿ ಚಾಚುತ್ತದೆಯೇ ಹೊರತು ಮೊಗ್ಗು ಕಟ್ಟುವುದಿಲ್ಲ.

ಬಳ್ಳಿ ತಾನಾಗಿ ಪಡೆಯದ ವಿಶ್ರಾಂತಿಯನ್ನು ನಾವೇ ಕೊಡಬೇಕು. ಮಳೆಗಾಲ ಮುಗಿದ ಮೇಲೆ, ನವೆಂಬರ್ ತಿಂಗಳಲ್ಲಿ, ನೀರನ್ನು ಕ್ರಮೇಣ ಕಡಮೆ ಮಾಡಿ ನಿಲ್ಲಿಸುವುದು ಇದರ ಮೊದಲ ಹೆಜ್ಜೆ. ನೀರಿನ ಕೊರತೆಯಿಂದ ಹೊಸ ಚಿಗುರು ನಿಲ್ಲುತ್ತದೆ. ಪಕ್ಕದ ಬೀದಿಯ ಬಳ್ಳಿಗೆ ಯಾರ ಯತ್ನವೂ ಇಲ್ಲದೆ ದೊರೆತದ್ದು ಈ ವಿಶ್ರಾಂತಿಯೇ.

ಕತ್ತರಿಯ ಉಪಕಾರ

ಎರಡನೆಯ ಹೆಜ್ಜೆಯೆಂದರೆ ಸವರುವುದು. ದುಂಡುಮಲ್ಲಿಗೆಯ ಹೂಗಳು ಹಳೆಯ ಕೊಂಬೆಯ ಮೇಲೆ ಮೂಡುವುದಿಲ್ಲ. ಹೊಸ ಚಿಗುರಿನ ತುದಿಯಲ್ಲಿ, ಸಾಮಾನ್ಯವಾಗಿ ಮೂರು ಮೂರರ ಗೊಂಚಲಾಗಿ, ಮೂಡುತ್ತವೆ. ಆದುದರಿಂದ ಹೊಸ ತುದಿಗಳು ಎಷ್ಟೋ ಹೂಗೊಂಚಲುಗಳೂ ಅಷ್ಟು. ತುದಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಹೇಗೆ? ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಪುಟ್ಟ ಕುಡಿ ನಿದ್ರಿಸುತ್ತಿರುತ್ತದೆ. ಕೊಂಬೆಯ ತುದಿಯಲ್ಲಿ ಹುಟ್ಟಿ ಕೆಳಕ್ಕೆ ಹರಿಯುವ ‘ಆಕ್ಸಿನ್’ ಎಂಬ ರಸಾಯನವು ಆ ಕುಡಿಗಳನ್ನು ಏಳಗೊಡುವುದಿಲ್ಲ. ತುದಿಯನ್ನು ಕತ್ತರಿಸಿದಾಗ ಈ ತಡೆ ತಪ್ಪುತ್ತದೆ. ಎಲೆಗಳು ತಯಾರಿಸಿದ ಸಕ್ಕರೆಯೂ ಪಕ್ಕದ ಕುಡಿಗಳ ಕಡೆಗೆ ತಿರುಗುತ್ತದೆ. ಒಂದು ತುದಿ ಇದ್ದಲ್ಲಿ ಎರಡು, ಮೂರು ಚಿಗುರುಗಳು ಹೊರಡುತ್ತವೆ.

ಒಳನಾಡಿನಲ್ಲಿ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಮೊದಲ ವಾರದವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಪೊದೆಯಾಗಿ ಬೆಳೆದ ಗಿಡವನ್ನು ನೆಲದಿಂದ ಸುಮಾರು ೫೦ ಸೆಂಟಿಮೀಟರ್ ಎತ್ತರಕ್ಕೆ ಸವರಬೇಕು. ಚಪ್ಪರಕ್ಕೆ ಹಬ್ಬಿಸಿದ ಬಳ್ಳಿಯಾದರೆ ಮುಖ್ಯ ಕಾಂಡಗಳನ್ನು ಉಳಿಸಿಕೊಂಡು, ಪಕ್ಕದ ಕೊಂಬೆಗಳನ್ನು ಮೊಟಕು ಮಾಡಿ, ಒಣಗಿದುದನ್ನೂ ರೋಗ ತಗುಲಿದುದನ್ನೂ ತೆಗೆದುಹಾಕಬೇಕು. ಆಮೇಲೆ ಬುಡವನ್ನು ಸಡಿಲಿಸಿ, ಗಿಡಕ್ಕೆ ಸುಮಾರು ೧೦ ಕಿಲೋಗ್ರಾಂ ಕೊಳೆತ ಕೊಟ್ಟಿಗೆಗೊಬ್ಬರವನ್ನು ಹಾಕಿ ಮತ್ತೆ ನೀರು ಕೊಡತೊಡಗಿದರೆ ಬೇಸಗೆಯ ಹೊತ್ತಿಗೆ ಬಳ್ಳಿಯ ತುಂಬ ಮೊಗ್ಗು. ಬೋಳಾದ ಗಿಡವನ್ನು ಕಂಡು ಮನೆಯವರು ಮರುಗಬಹುದು. ಮಾರ್ಚ್ ತಿಂಗಳವರೆಗೆ ಅವರು ತಾಳ್ಮೆಯಿಂದಿದ್ದರೆ ಸಾಕು.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗವೇ ಮಲ್ಲಿಗೆಗೆ ಲೇಸು. ಮೊಗ್ಗುಗಳು ನೇರಳೆ ಬಣ್ಣಕ್ಕೆ ತಿರುಗಿ ತೂತು ಬಿದ್ದಿದ್ದರೆ ಒಳಗೆ ಮೊಗ್ಗುಹುಳು ಇದೆಯೆಂದು ತಿಳಿಯಬೇಕು. ಅಂಥವನ್ನು ಕಿತ್ತು ನಾಶಮಾಡುವುದು ಮನೆಯ ತೋಟಕ್ಕೆ ಸಾಲುವ ಚಿಕಿತ್ಸೆ.

ಸಂಜೆಯ ಪರಿಮಳ

ಬೆಳಗ್ಗೆ ಕಿತ್ತ ಬಿಗಿಮೊಗ್ಗನ್ನು ಮೂಸಿ ನೋಡಿದರೆ ವಾಸನೆ ಇಲ್ಲವೆನ್ನುವಷ್ಟು ಅಲ್ಪ. ಅದೇ ಮೊಗ್ಗು ಸಂಜೆ ಅರಳಿದಾಗ ಮನೆಯೆಲ್ಲ ಘಮಘಮಿಸುತ್ತದೆ. ಲಿನಲೂಲ್, ಬೆಂಜೈಲ್ ಅಸಿಟೇಟ್, ಮೀಥೈಲ್ ಆಂಥ್ರನಿಲೇಟ್, ಇಂಡೋಲ್ ಮೊದಲಾದ ಹಲವು ವಸ್ತುಗಳು ಸೇರಿ ಈ ಪರಿಮಳವಾಗುತ್ತದೆ. ಹೂವು ಇವನ್ನು ಸೀಸೆಯಲ್ಲಿ ತುಂಬಿದಂತೆ ಕೂಡಿಟ್ಟುಕೊಂಡಿರುವುದಿಲ್ಲ. ದಳಗಳ ಜೀವಕೋಶಗಳು ಅರಳುವ ಹೊತ್ತಿನಲ್ಲಿ ಇವನ್ನು ತಯಾರಿಸಿ ಗಾಳಿಗೆ ಬಿಡುತ್ತವೆ. ಗಿಡದಿಂದ ಕಿತ್ತ ಮೇಲೂ ಈ ಕೆಲಸ ಕೆಲವು ಗಂಟೆಗಳ ಕಾಲ ನಿಲ್ಲದು. ಮುಡಿದ ಮಾಲೆ ಸಂಜೆಗೆ ಕಂಪು ಬೀರುವುದು ಈ ಕಾರಣದಿಂದಲೇ. ಚೀನದವರು ಮಲ್ಲಿಗೆಯ ಚಹವನ್ನು ತಯಾರಿಸುವಾಗ ಹಗಲಿನಲ್ಲಿ ಕಿತ್ತ ಮೊಗ್ಗನ್ನು ರಾತ್ರಿ ಚಹದೆಲೆಯೊಡನೆ ಬೆರೆಸಿ, ಅರಳುವ ಹೂವಿನ ಕಂಪನ್ನು ಎಲೆಗೆ ಹಿಡಿಸುವುದೂ ಈ ಗುಣವನ್ನು ಬಲ್ಲವರಾದ್ದರಿಂದ.

ಬೀಜವಿಲ್ಲದ ಬಾಳು

ಹೂವಿನ ಕಂಪು ಕೀಟಗಳಿಗೆ ಕೊಟ್ಟ ಕರೆ. ಕೀಟ ಬಂದರೆ ಪರಾಗಸ್ಪರ್ಶ, ಆಮೇಲೆ ಕಾಯಿ, ಬೀಜ. ಆದರೆ ನಮ್ಮ ಅಂಗಳದ ಮಲ್ಲಿಗೆಯಲ್ಲಿ ಕಾಯನ್ನು ಕಂಡವರು ವಿರಳ. ಏಳುಸುತ್ತಿನ ಮಲ್ಲಿಗೆಯಂಥ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿವೆ. ಬೇರೆ ಕೆಲವು ತಳಿಗಳ ಜೀವಕೋಶದಲ್ಲಿ ೨೬ಕ್ಕೆ ಬದಲಾಗಿ ೩೯ ವರ್ಣತಂತುಗಳಿವೆ. ೧೩ರ ಮೂರು ತಂಡಗಳು ಎರಡು ಸಮಪಾಲಾಗಲಾರವಷ್ಟೆ. ಆದುದರಿಂದ ಅವುಗಳಲ್ಲಿ ಸರಿಯಾದ ಬೀಜ ಕಟ್ಟುವುದು ಕಷ್ಟ. ಹೆಚ್ಚು ದಳ, ಹೆಚ್ಚು ಅಂದ ಬೇಕೆಂದು ತಲೆಮಾರುಗಳಿಂದ ಆರಿಸುತ್ತ ಬಂದ ಮನುಷ್ಯನು ಬೀಜವಿಲ್ಲದ ಬಳ್ಳಿಗಳನ್ನೇ ಉಳಿಸಿಕೊಂಡನು.

ಹೀಗಾಗಿ ಮನೆಮನೆಯ ಮಲ್ಲಿಗೆಯೂ ಇನ್ನೊಂದು ಮನೆಯ ಮಲ್ಲಿಗೆಯ ತುಂಡೇ ಆಗಿದೆ. ಒಂದು ಮನೆ ಬಿದ್ದು ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದಾಗ, ಬೇರೆ ಗಿಡಗಳ ಬೀಜಗಳು ಎಲ್ಲಾದರೂ ಮೊಳೆತಾವು. ಮಲ್ಲಿಗೆಗೆ ಆ ಭಾಗ್ಯವಿಲ್ಲ. ಆ ತಳಿಯ ಗಿಡ ಬೇರೆಲ್ಲಿಯೂ ಇಲ್ಲದಿದ್ದರೆ ತಳಿಯೇ ಅಳಿಯಿತು.

ಅದನ್ನು ಉಳಿಸುವ ಉಪಾಯ ಸುಲಭ. ಮಳೆಗಾಲದಲ್ಲಿ ಅರೆಬಲಿತ ಕೊಂಬೆಯಿಂದ ೧೨ರಿಂದ ೧೮ ಸೆಂಟಿಮೀಟರ್ ಉದ್ದದ ತುಂಡನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿಗೆ ನೆಡಬೇಕು. ಮಣ್ಣು ಒಣಗದಂತೆ ನೋಡಿಕೊಂಡರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ನೆಲಕ್ಕೆ ಬಾಗಿದ ಬಳ್ಳಿಯನ್ನು ಮಣ್ಣಿನಲ್ಲಿ ಹೂತರೂ ಗೆಣ್ಣಿನಲ್ಲಿ ಬೇರು ಮೂಡುತ್ತದೆ. ಈ ಮಳೆಗಾಲದಲ್ಲಿ ನಮ್ಮ ಓದುಗರು ಒಂದೆರಡು ತುಂಡುಗಳನ್ನು ಹೀಗೆ ನೆಟ್ಟು ನೋಡಲಿ. ಚಿಗುರಿದ ಗಿಡಗಳಲ್ಲಿ ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ನೆರೆಮನೆಗೆ ಕೊಡಲಿ. ತಮ್ಮ ಬಳ್ಳಿ ಎಂದಾದರೂ ಒಣಗಿಹೋದರೆ, ತುಂಡನ್ನು ಮರಳಿ ಕೇಳಲು ಆಗ ಒಂದು ಮನೆಯಿರುತ್ತದೆ.