ನಿಮಗಿದು ಗೊತ್ತೆ? ಸ್ಟೀರಿಂಗ್‌ಗೆ ಎಣ್ಣೆಯ ಬಲ

ನಿಂತ ಕಾರಿನ ಸ್ಟೀರಿಂಗನ್ನೂ ಸಲೀಸಾಗಿ ತಿರುಗಿಸಬಹುದಲ್ಲ, ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನಲ್ಲಿ ಆ ಬಲ ಕೊಡುವುದು ಎಣ್ಣೆಯ ಒತ್ತಡ. ಎಂಜಿನ್ನಿನ ಬೆಲ್ಟ್‌ನಿಂದ ಓಡುವ ಪಂಪು ಎಣ್ಣೆಯನ್ನು ಸದಾ ಹರಿಸುತ್ತಿರುತ್ತದೆ. ನಿಜವಾದ ಜಾಣ್ಮೆ ಇರುವುದು ಟಾರ್ಷನ್ ಬಾರ್ ಎಂಬ ತೆಳ್ಳನೆಯ ಉಕ್ಕಿನ ಸರಳಿನಲ್ಲಿ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಟೈರುಗಳು ನೆಲ ಕಚ್ಚಿ ಹಿಡಿಯುತ್ತವೆ, ಸ್ಟೀರಿಂಗ್ ಮತ್ತು ಚಕ್ರಗಳ ನಡುವಿನ ಈ ಸರಳು ಕೊಂಚವೇ ತಿರುಚಿಕೊಳ್ಳುತ್ತದೆ. ಅಷ್ಟಕ್ಕೇ ಸುತ್ತಲಿನ ವಾಲ್ವ್ ತೆರೆದು ಚಕ್ರಗಳಿಗೆ ಜೋಡಿಸಿದ ಪಿಸ್ಟನ್ನಿನ ಒಂದು ಬದಿಗೆ ಎಣ್ಣೆ ನುಗ್ಗುತ್ತದೆ. ಪಿಸ್ಟನ್ ಚಕ್ರಗಳನ್ನು ಚಾಲಕ ತಿರುಗಿಸಿದ ಕಡೆಗೇ ತಳ್ಳುತ್ತದೆ. ಹೆಚ್ಚು ತಿರುಚಿದಷ್ಟೂ ಹೆಚ್ಚು ನೆರವು. ಕೈಬಲ ಸಡಿಲಿಸಿದರೆ ಸರಳು ನೆಟ್ಟಗಾಗಿ ಎಣ್ಣೆ ಟ್ಯಾಂಕಿಗೆ ಮರಳುತ್ತದೆ. ವಿದ್ಯುತ್ ಸೆನ್ಸರ್ ಒಂದೂ ಇಲ್ಲದೆ ಇಷ್ಟೆಲ್ಲ ನಡೆಯುವುದು ಅದ್ಭುತವೇ ಸರಿ!

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಕಾರನ್ನು ಓಡಿಸಿ ತೋರಿಸಿದ್ದರು. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ.

ಎಂಜಿನ್ ಆಫ್ ಆದರೆ ಪಂಪು ನಿಂತು ಸ್ಟೀರಿಂಗ್ ಭಾರವಾಗುತ್ತದೆ, ಆದರೆ ಕೈಕೊಡುವುದಿಲ್ಲ. ಚಕ್ರಗಳ ಜತೆಗಿನ ಯಾಂತ್ರಿಕ ಕೊಂಡಿ ಹಾಗೇ ಇರುತ್ತದೆ. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಡಿ. ಎಣ್ಣೆ ಕಾದು ಪಂಪು ಹಾಳಾಗಬಹುದು.