ಲಿಂಕನ್ ಕಾಂಟಿನೆಂಟಲ್ (1961–1969)

ಲಿಂಕನ್ ಕಾಂಟಿನೆಂಟಲ್ ಅಮೆರಿಕ ಸಂಯುಕ್ತ ಸಂಸ್ಥಾನದ ಫೋರ್ಡ್ ಮೋಟಾರ್ ಕಂಪನಿಯು ತನ್ನ ಲಿಂಕನ್ ವಿಭಾಗದ ಮೂಲಕ ತಯಾರಿಸಿದ ಐಷಾರಾಮಿ ಕಾರು. ಇದೇ ಹೆಸರಿನಲ್ಲಿ 1939ರಿಂದ ಮೊದಲ್ಗೊಂಡು ಹಲವು ತಲೆಮಾರಿನ ಕಾರುಗಳು ಬಂದಿವೆ. ಅವುಗಳಲ್ಲಿ 1961ರಿಂದ 1969ರವರೆಗೆ ತಯಾರಾದ ತಲೆಮಾರು ಹೆಚ್ಚು ಪ್ರಸಿದ್ಧವಾದುದು. ಈ ಲೇಖನವು ಅದನ್ನು ಕುರಿತದ್ದು. ಹಿಂಬದಿಯಲ್ಲಿ ಕೀಲು ಹೊಂದಿದ ಹಿಂದಿನ ಬಾಗಿಲುಗಳು, ಅಲಂಕಾರವಿಲ್ಲದ ನೇರ ಪಕ್ಕಗಳು ಮತ್ತು ನಾಲ್ಕು ಬಾಗಿಲಿನ ಮಡಚುವ ಛಾವಣಿಯ ಮಾದರಿ ಇದರ ಗುರುತುಗಳು. ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಇದಕ್ಕೆ ಇಂದಿಗೂ ಬೇಡಿಕೆಯಿದೆ. ಹೊರನೋಟಕ್ಕೆ ಸರಳವಾಗಿ ಕಾಣುವ ಈ ಕಾರಿನ ಒಳಗಿನ ಯಂತ್ರರಚನೆ ಅತ್ಯಂತ ಜಟಿಲವಾದುದು. ಕೊಳ್ಳುವವರನ್ನು ಸೆಳೆಯುವುದು ಆ ಸರಳತೆ. ಕೊಂಡ ಮೇಲೆ ಅವರ ಪಾಲಿಗೆ ಬರುವುದು ಆ ಜಟಿಲತೆ.

ಹಿನ್ನೆಲೆ

ಲಿಂಕನ್ ಕಂಪನಿಯನ್ನು 1917ರಲ್ಲಿ ಹೆನ್ರಿ ಲೆಲ್ಯಾಂಡ್ ಅವರು ಸ್ಥಾಪಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆ ಲಿಬರ್ಟಿ ಎಂಜಿನ್‌ಗಳನ್ನು ತಯಾರಿಸುತ್ತಿದ್ದ ಈ ಕಂಪನಿಯು ಯುದ್ಧಾನಂತರ ಕಾರುಗಳತ್ತ ತಿರುಗಿತು. 1922ರಲ್ಲಿ ಇದನ್ನು ಫೋರ್ಡ್ ಕಂಪನಿಯು ಕೊಂಡುಕೊಂಡಿತು. ಹೆನ್ರಿ ಫೋರ್ಡ್ ಅವರ ಮಗ ಎಡ್ಸೆಲ್ ಫೋರ್ಡ್ ಅವರಿಗೆ ಕಾರಿನ ರೂಪದ ಬಗ್ಗೆ ಸೂಕ್ಷ್ಮವಾದ ಅಭಿರುಚಿಯಿತ್ತು. ಅವರು 1939ರಲ್ಲಿ ಫ್ಲೋರಿಡಾದ ವಿಹಾರಕ್ಕೆಂದು ವಿನ್ಯಾಸಕಾರ ಯೂಜೀನ್ ಗ್ರೆಗರಿ ಅವರಿಂದ ಲಿಂಕನ್ ಜೆಫಿರ್ ಕಾರಿನ ಆಧಾರದ ಮೇಲೆ ಒಂದು ವಿಶೇಷ ಕಾರನ್ನು ಮಾಡಿಸಿಕೊಂಡರು. ಅದನ್ನು ಕಂಡವರು ತಮಗೂ ಬೇಕೆಂದು ಕೇಳತೊಡಗಿದ್ದರಿಂದ ಅದು ಮಾರಾಟದ ಕಾರಾಯಿತು. ಹೀಗೆ ಹುಟ್ಟಿದ ಮೊದಲ ಕಾಂಟಿನೆಂಟಲ್ 1948ರವರೆಗೆ ನಡೆಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1951ರಲ್ಲಿ ಎಂಟು ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶಿಸಿದಾಗ ಅವುಗಳಲ್ಲಿ 1941ರ ಕಾಂಟಿನೆಂಟಲ್ ಕೂಡ ಇತ್ತು.

1956–57ರ ಮಾರ್ಕ್ 2 ಮಾದರಿಯ ಬೆಲೆ ಸುಮಾರು 10,000 ಡಾಲರ್. ಅಷ್ಟು ಬೆಲೆಯಿದ್ದರೂ ಪ್ರತಿ ಕಾರಿನ ಮೇಲೂ ಕಂಪನಿಗೆ ನಷ್ಟವೇ ಆಯಿತು. ತಯಾರಾದವು ಸುಮಾರು 3,000 ಮಾತ್ರ. ಅದರ ನಂತರ 1958ರಿಂದ 1960ರವರೆಗೆ ಬಂದ ಲಿಂಕನ್‌ಗಳು ಗಾತ್ರದಲ್ಲಿ ವಿಪರೀತವಾಗಿದ್ದವು. ಓರೆಯಾಗಿ ಜೋಡಿಸಿದ ಮುಂದೀಪಗಳು, ಪಕ್ಕಗಳಲ್ಲಿ ಆಳವಾದ ಮಡಿಕೆಗಳು, ಸುಮಾರು ಐದೂಮುಕ್ಕಾಲು ಮೀಟರ್ ಉದ್ದ! ಆ ಕಾಲದ ಅಮೆರಿಕದ ಕಾರುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದವೆಂಬುದು ನಿಜ. 1959ರ ಕ್ಯಾಡಿಲಾಕ್ ಕಾರಿನ ಬಾಲದ ರೆಕ್ಕೆಗಳು ಇದಕ್ಕೆ ಪರಮಾವಧಿಯ ಉದಾಹರಣೆ. ಆದರೆ ಕ್ಯಾಡಿಲಾಕ್ ಮಾರಾಟವಾಯಿತು, ಲಿಂಕನ್ ಆಗಲಿಲ್ಲ. ಲಿಂಕನ್ ವಿಭಾಗವನ್ನೇ ಮುಚ್ಚುವ ಆಲೋಚನೆ ಕಂಪನಿಯೊಳಗೆ ಬಲವಾಯಿತು.

ವಿನ್ಯಾಸದ ಹುಟ್ಟು

ಈ ಕಾರು ಲಿಂಕನ್ ಆಗಿ ಹುಟ್ಟಿದ್ದಲ್ಲ. ವಿನ್ಯಾಸಕಾರ ಎಲ್‌ವುಡ್ ಎಂಗೆಲ್ ಅವರು 1961ರ ಫೋರ್ಡ್ ಥಂಡರ್‌ಬರ್ಡ್ ಕಾರಿಗಾಗಿ ಒಂದು ಜೇಡಿಮಣ್ಣಿನ ಮಾದರಿಯನ್ನು ಸಿದ್ಧಪಡಿಸಿದ್ದರು. ಥಂಡರ್‌ಬರ್ಡ್‌ಗೆ ಬೇರೊಂದು ವಿನ್ಯಾಸ ಆಯ್ಕೆಯಾಯಿತು. ಆಗ ಫೋರ್ಡ್ ಕಂಪನಿಯ ಉನ್ನತಾಧಿಕಾರಿಯಾಗಿದ್ದ ರಾಬರ್ಟ್ ಮ್ಯಾಕ್‌ನಮಾರ ಅವರು ಎಂಗೆಲ್ ಅವರ ಮಾದರಿಯನ್ನು ನೋಡಿ, ಇದನ್ನು ನಾಲ್ಕು ಬಾಗಿಲಿನ ಲಿಂಕನ್ ಆಗಿಸಬಹುದೇ ಎಂದು ವಿಚಾರಿಸಿದರು. ಲೆಕ್ಕಪತ್ರದ ಶಿಸ್ತಿಗೆ ಹೆಸರಾಗಿದ್ದ, ಲಿಂಕನ್ನಿನ ನಷ್ಟದ ಬಗ್ಗೆ ಅಸಮಾಧಾನವಿದ್ದ ಅಧಿಕಾರಿಯೇ ಅದರ ಅತ್ಯುತ್ತಮ ಕಾರಿಗೆ ಕಾರಣರಾದುದು ಗಮನಾರ್ಹ. ಮ್ಯಾಕ್‌ನಮಾರ ಅವರು 1961ರ ಜನವರಿಯಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಸರ್ಕಾರದಲ್ಲಿ ರಕ್ಷಣಾ ಕಾರ್ಯದರ್ಶಿಯಾದರು. ಎಂಗೆಲ್ ಅವರು ಅದೇ ವರ್ಷ ಫೋರ್ಡ್ ಬಿಟ್ಟು ಕ್ರೈಸ್ಲರ್ ಕಂಪನಿಯನ್ನು ಸೇರಿದರು. 1964ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಕಾಂಟಿನೆಂಟಲ್‌ನ ಛಾಯೆ ಸ್ಪಷ್ಟವಾಗಿ ಕಾಣುತ್ತದೆ.

ರೂಪ

1961ರ ಕಾಂಟಿನೆಂಟಲ್‌ನ ಉದ್ದ 212.4 ಅಂಗುಲ, ಅಂದರೆ ಸುಮಾರು 5.4 ಮೀಟರ್. ಇದು ಹಿಂದಿನ ವರ್ಷದ ಮಾದರಿಗಿಂತ ಸುಮಾರು 15 ಅಂಗುಲ ಕಡಿಮೆ. ದೊಡ್ಡದೆಂದರೆ ಉತ್ತಮವೆಂದು ತಿಳಿದಿದ್ದ ಮಾರುಕಟ್ಟೆಯಲ್ಲಿ ದುಬಾರಿ ಕಾರೊಂದನ್ನು ಚಿಕ್ಕದಾಗಿಸುವುದು ಸಣ್ಣ ಸಾಹಸವಲ್ಲ. ಕಾರಿನ ಪಕ್ಕಗಳು ಮುಂದಿನಿಂದ ಹಿಂದಿನವರೆಗೆ ಹೆಚ್ಚುಕಡಿಮೆ ಸಮತಲವಾಗಿವೆ. ಅವುಗಳ ಮೇಲಂಚಿನಲ್ಲಿ ತೆಳುವಾದ ಹೊಳೆಯುವ ಲೋಹದ ಪಟ್ಟಿಯೊಂದು ಮುಂದೀಪದ ಬಳಿಯಿಂದ ಹಿಂದೀಪದವರೆಗೆ ಸಾಗುತ್ತದೆ. ಕಣ್ಣು ಕಾರಿನ ಉದ್ದವನ್ನು ಅಳೆಯುವುದು ಈ ಒಂದು ಗೆರೆಯಿಂದಲೇ. ರೆಕ್ಕೆಗಳಿಲ್ಲ, ಎರಡು ಬಣ್ಣಗಳ ವಿಭಜನೆಯಿಲ್ಲ. 1961ರಲ್ಲಿ ಕೈಗಾರಿಕಾ ವಿನ್ಯಾಸಕಾರರ ಸಂಸ್ಥೆಯು ಈ ಕಾರಿನ ವಿನ್ಯಾಸಕಾರರ ತಂಡಕ್ಕೆ ಕಂಚಿನ ಪದಕವನ್ನು ನೀಡಿತು. ಅದು ಕಾರುಗಳಿಗೆ ಅಪರೂಪವಾಗಿ ಸಲ್ಲುತ್ತಿದ್ದ ಗೌರವ.

ಹಿಂದಿನ ಬಾಗಿಲುಗಳು ಸೌಂದರ್ಯಕ್ಕಾಗಿಯೇ ಹಾಗೆ ಮಾಡಿದವು ಎಂಬ ನಂಬಿಕೆಯಿದೆ. ಮೂಲ ಕಾರಣ ಬೇರೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರವು 123 ಅಂಗುಲಕ್ಕೆ ಇಳಿದಾಗ, ಸಾಮಾನ್ಯ ರೀತಿಯಲ್ಲಿ ತೆರೆಯುವ ಬಾಗಿಲಿನಿಂದ ಹಿಂಬದಿಯ ಪ್ರಯಾಣಿಕರು ಇಳಿಯುವಾಗ ಅವರ ಕಾಲು ಬಾಗಿಲಿಗೆ ತಾಗುತ್ತಿತ್ತು. ಕೀಲನ್ನು ಹಿಂಬದಿಗೆ ವರ್ಗಾಯಿಸಿದ್ದರಿಂದ ತೊಂದರೆ ತಪ್ಪಿತು. ಮುಂದಿನ ಮತ್ತು ಹಿಂದಿನ ಬಾಗಿಲುಗಳು ಬೀರುವಿನ ಎರಡು ಕದಗಳಂತೆ ಎದುರುಬದುರಾಗಿ ತೆರೆದುಕೊಂಡವು. ಯುದ್ಧಪೂರ್ವದ ಕಾರುಗಳಲ್ಲಿ ಇಂಥ ಬಾಗಿಲುಗಳಿಗೆ 'ಆತ್ಮಹತ್ಯಾ ಬಾಗಿಲು' ಎಂಬ ಅಡ್ಡಹೆಸರಿತ್ತು. ಕಾರು ಓಡುತ್ತಿರುವಾಗ ಅಗುಳಿ ಸಡಿಲವಾದರೆ ಗಾಳಿಯ ರಭಸಕ್ಕೆ ಬಾಗಿಲು ಪೂರ್ತಿ ತೆರೆದುಕೊಂಡು ಪ್ರಯಾಣಿಕ ಹೊರಗೆ ಬೀಳುವ ಅಪಾಯವಿದ್ದುದೇ ಇದಕ್ಕೆ ಕಾರಣ. ಆದ್ದರಿಂದ ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ಚಾಲಕನನ್ನು ಎಚ್ಚರಿಸುವ ದೀಪವನ್ನು ಈ ಕಾರಿನಲ್ಲಿ ಅಳವಡಿಸಲಾಯಿತು.

ಮಡಚುವ ಛಾವಣಿಯ ಮಾದರಿ

1961ರ ನಾಲ್ಕು ಬಾಗಿಲಿನ ಕನ್ವರ್ಟಿಬಲ್ ಮಾದರಿಯು 1951ರ ಫ್ರೇಜರ್ ಕಾರಿನ ನಂತರ ಅಮೆರಿಕದಲ್ಲಿ ತಯಾರಾದ ಆ ಬಗೆಯ ಮೊದಲ ಕಾರು. ಇದರ ಛಾವಣಿಯ ಯಂತ್ರವ್ಯವಸ್ಥೆಯು 1957–59ರ ಫೋರ್ಡ್ ಸ್ಕೈಲೈನರ್ ಕಾರಿನ ಅನುಭವದಿಂದ ಬೆಳೆದುಬಂದುದು. ಗುಂಡಿಯನ್ನು ಒತ್ತಿದರೆ ಮೊದಲು ಡಿಕ್ಕಿಯ ಮುಚ್ಚಳವು ಮುಂಬದಿಯಿಂದ ಮೇಲೇಳುತ್ತದೆ. ಅದರ ಕೀಲುಗಳಿರುವುದು ಕಾರಿನ ಹಿಂಬದಿಯ ಅಂಚಿನಲ್ಲಿ. ಅನಂತರ ಬಟ್ಟೆಯ ಛಾವಣಿಯು ಗಾಜಿನ ಚೌಕಟ್ಟಿನಿಂದ ಬಿಡಿಸಿಕೊಂಡು, ಮಡಚಿಕೊಂಡು, ಡಿಕ್ಕಿಯೊಳಗೆ ಇಳಿಯುತ್ತದೆ. ಕೊನೆಗೆ ಮುಚ್ಚಳವು ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಹೊರಗೆ ಛಾವಣಿಯ ಸುಳಿವೇ ಉಳಿಯುವುದಿಲ್ಲ. ಅದೇ ಕಾಲದ ಇತರ ಕನ್ವರ್ಟಿಬಲ್‌ಗಳಲ್ಲಿ ಮಡಚಿದ ಬಟ್ಟೆಯು ಹಿಂಬದಿಯ ಆಸನದ ಹಿಂದೆ ಗಂಟಿನಂತೆ ಕಾಣುತ್ತಿತ್ತು. ಛಾವಣಿ ಇಳಿದಾಗ ಡಿಕ್ಕಿಯಲ್ಲಿ ಸಾಮಾನು ಇಡಲು ಜಾಗವಿಲ್ಲದಂತಾಗುವುದು ಈ ಚೆಲುವಿಗೆ ತೆರಬೇಕಾದ ಬೆಲೆ.

ಇಷ್ಟೆಲ್ಲ ನಡೆಯಲು ಹಲವು ವಿದ್ಯುತ್ ಮೋಟಾರುಗಳು, ಹೈಡ್ರಾಲಿಕ್ ಪಂಪುಗಳು, ರಿಲೇಗಳು ಮತ್ತು ಮಿತಿ ಸ್ವಿಚ್ಚುಗಳು ಗೊತ್ತಾದ ಕ್ರಮದಲ್ಲಿ ಕೆಲಸ ಮಾಡಬೇಕು. ಒಂದು ಹಂತ ಪೂರ್ಣವಾಯಿತೆಂದು ಅದರ ಸ್ವಿಚ್ಚು ಸಾರಿದ ಮೇಲೆಯೇ ಮುಂದಿನ ಹಂತಕ್ಕೆ ವಿದ್ಯುತ್ ಹರಿಯುತ್ತದೆ. ನಡುವೆ ಒಂದು ಸ್ವಿಚ್ಚು ಕೈಕೊಟ್ಟರೂ ಛಾವಣಿಯು ಅರ್ಧಕ್ಕೆ ನಿಲ್ಲುತ್ತದೆ. ಹಿಂದಿನ ಬಾಗಿಲನ್ನು ತೆರೆದಾಗ ಅದರ ಕಿಟಕಿಯ ಗಾಜು ತಾನಾಗಿಯೇ ತುಸು ಇಳಿದು, ಮುಚ್ಚಿದಾಗ ಮತ್ತೆ ಏರುವ ವ್ಯವಸ್ಥೆಯೂ ಈ ಮಾದರಿಯಲ್ಲಿದೆ. ಛಾವಣಿಯಿಲ್ಲದ ಒಡಲಿನ ಕಂಪನವನ್ನು ತಗ್ಗಿಸಲು ಮೂಲೆಗಳಲ್ಲಿ ತೂಕದ ಡಬ್ಬಿಗಳನ್ನು ಇರಿಸಲಾಗಿತ್ತು. ಸೆಡಾನ್ ಮಾದರಿಯೇ ಸುಮಾರು 2,200 ಕಿಲೋಗ್ರಾಂ ತೂಗುತ್ತಿತ್ತು. ಕನ್ವರ್ಟಿಬಲ್ ಅದಕ್ಕಿಂತಲೂ ಭಾರ.

ತಯಾರಿಕೆ

ಕಾರುಗಳನ್ನು ಮಿಷಿಗನ್ ರಾಜ್ಯದ ವಿಕ್ಸಮ್ ಕಾರ್ಖಾನೆಯಲ್ಲಿ ಥಂಡರ್‌ಬರ್ಡ್ ಜೊತೆಯಲ್ಲಿ ಜೋಡಿಸಲಾಗುತ್ತಿತ್ತು. ಪ್ರತ್ಯೇಕ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸುವ ಬದಲು ಎರಡನ್ನೂ ಒಂದೇ ರಚನೆಯಾಗಿ ಬೆಸೆಯುವ ವಿಧಾನವನ್ನು ಅನುಸರಿಸಲಾಯಿತು. 430 ಘನ ಅಂಗುಲದ, ಅಂದರೆ 7 ಲೀಟರಿನ ವಿ-8 ಎಂಜಿನ್ ಮೊದಲ ವರ್ಷ 300 ಅಶ್ವಶಕ್ತಿಯದೆಂದು ಘೋಷಿತವಾಗಿತ್ತು. ಪ್ರತಿ ಎಂಜಿನ್ನನ್ನು ಮೂರು ಗಂಟೆಗಳ ಕಾಲ ಪರೀಕ್ಷಾ ಪೀಠದಲ್ಲಿ ಓಡಿಸಿ, ಬಿಚ್ಚಿ ಪರಿಶೀಲಿಸಿ, ಮತ್ತೆ ಜೋಡಿಸಲಾಗುತ್ತಿತ್ತು. ಸಿದ್ಧವಾದ ಪ್ರತಿ ಕಾರನ್ನೂ 12 ಮೈಲಿ ರಸ್ತೆಯಲ್ಲಿ ಓಡಿಸಿ ನೋಡಿದ ನಂತರವೇ ಹೊರಗೆ ಕಳಿಸುತ್ತಿದ್ದರು. ಹಿಂದಿನ ಮಾದರಿಗಳಿಂದ ಕೆಟ್ಟಿದ್ದ ಹೆಸರನ್ನು ಸರಿಪಡಿಸಲು ಕಂಪನಿಯು ಎರಡು ವರ್ಷ ಅಥವಾ 24,000 ಮೈಲಿಗಳ ಖಾತರಿಯನ್ನು ನೀಡಿತು. ಆ ಕಾಲದ ಅಮೆರಿಕದ ಕಾರುಗಳಿಗೆ ಅಷ್ಟು ದೀರ್ಘ ಖಾತರಿ ಇರಲಿಲ್ಲ.

1961ರಲ್ಲಿ ಸೆಡಾನ್ ಮಾದರಿಯ ಬೆಲೆ 6,067 ಡಾಲರ್, ಕನ್ವರ್ಟಿಬಲ್ ಮಾದರಿಯದು 6,713 ಡಾಲರ್. ಅದೇ ವರ್ಷ ಫೋರ್ಡ್ ಫಾಲ್ಕನ್ ಎಂಬ ಸಾಧಾರಣ ಕಾರು ಸುಮಾರು 2,000 ಡಾಲರಿಗೆ ದೊರೆಯುತ್ತಿತ್ತು. ಮೊದಲ ವರ್ಷ ಸುಮಾರು 25,000 ಕಾರುಗಳು ತಯಾರಾದವು. ವರ್ಷಕ್ಕೆ ಲಕ್ಷಕ್ಕೂ ಮೀರಿ ಮಾರಾಟವಾಗುತ್ತಿದ್ದ ಕ್ಯಾಡಿಲಾಕ್ ಕಾರನ್ನು ಇದು ಎಂದೂ ಹಿಂದಿಕ್ಕಲಿಲ್ಲ. ಆದರೆ ಲಿಂಕನ್ ವಿಭಾಗವು ಉಳಿಯಿತು.

ಅಧ್ಯಕ್ಷರ ಕಾರು

ಅಮೆರಿಕದ ಅಧ್ಯಕ್ಷರ ಬಳಕೆಗಾಗಿ 1961ರ ಕನ್ವರ್ಟಿಬಲ್ ಒಂದನ್ನು ಸಿನ್‌ಸಿನಾಟಿಯ ಹೆಸ್ ಅಂಡ್ ಐಸೆನ್‌ಹಾರ್ಟ್ ಕಂಪನಿಯು ಕತ್ತರಿಸಿ, ಉದ್ದವಾಗಿಸಿ, ಮಾರ್ಪಡಿಸಿತು. ಕಾರಿನ ಒಡೆತನವನ್ನು ತಾನೇ ಉಳಿಸಿಕೊಂಡ ಫೋರ್ಡ್ ಕಂಪನಿಯು ಅದನ್ನು ವರ್ಷಕ್ಕೆ 500 ಡಾಲರಿನಂತೆ ಸರ್ಕಾರಕ್ಕೆ ಗುತ್ತಿಗೆಗೆ ನೀಡಿತ್ತು. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಕೆನಡಿ ಅವರ ಹತ್ಯೆಯಾದುದು ಈ ಕಾರಿನಲ್ಲಿಯೇ. ಘಟನೆಯ ನಂತರ ಕಾರನ್ನು ನಾಶಪಡಿಸಲಿಲ್ಲ. ಅದಕ್ಕೆ ಗುಂಡುನಿರೋಧಕ ಕವಚ ಮತ್ತು ಸ್ಥಿರವಾದ ಛಾವಣಿಯನ್ನು ಅಳವಡಿಸಿ ಮುಂದಿನ ಅಧ್ಯಕ್ಷರ ಸೇವೆಗೆ ಬಳಸಲಾಯಿತು. 1977ರವರೆಗೂ ಅದು ಸೇವೆಯಲ್ಲಿತ್ತು. ಈಗ ಡಿಯರ್‌ಬಾರ್ನ್ ನಗರದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಮಾರಾಟಕ್ಕೆ ಬರುವ ಸಾಮಾನ್ಯ ಕಾಂಟಿನೆಂಟಲ್‌ಗಳ ಜಾಹೀರಾತಿನಲ್ಲಿ ಕೆನಡಿ ಅವರ ಹೆಸರು ಕಾಣಿಸಿಕೊಳ್ಳುವುದುಂಟು. ಆ ಹೆಸರಿಗೂ ಕಣ್ಣ ಮುಂದಿರುವ ಕಾರಿಗೂ ಹೋಲಿಕೆಯ ಹೊರತು ಬೇರೆ ಸಂಬಂಧವಿರುವುದಿಲ್ಲ.

ವರ್ಷದಿಂದ ವರ್ಷಕ್ಕೆ

ರೂಪವನ್ನು ಪ್ರತಿವರ್ಷ ಬದಲಿಸುವ ಪದ್ಧತಿಯನ್ನು ಲಿಂಕನ್ ಕೈಬಿಟ್ಟಿದ್ದರಿಂದ ಬದಲಾವಣೆಗಳು ನಿಧಾನವಾಗಿ ಬಂದವು. 1964ರಲ್ಲಿ ಚಕ್ರಾಂತರವನ್ನು 126 ಅಂಗುಲಕ್ಕೆ ಹೆಚ್ಚಿಸಿ ಹಿಂಬದಿಯಲ್ಲಿ ಕಾಲಿಡಲು ಹೆಚ್ಚು ಜಾಗ ನೀಡಲಾಯಿತು. ಪಕ್ಕದ ಬಾಗಿದ ಗಾಜುಗಳ ಬದಲು ಚಪ್ಪಟೆ ಗಾಜುಗಳು ಬಂದವು. 1965ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳು ಬಂದವು. 1966ರಲ್ಲಿ ಒಡಲು ದೊಡ್ಡದಾಯಿತು, 462 ಘನ ಅಂಗುಲದ ಎಂಜಿನ್ ಮತ್ತು ಎರಡು ಬಾಗಿಲಿನ ಮಾದರಿ ಬಂದವು. ಕನ್ವರ್ಟಿಬಲ್ ತಯಾರಿಕೆ 1967ಕ್ಕೆ ನಿಂತಿತು. 1970ರ ಹೊಸ ಕಾರಿನಲ್ಲಿ ಪ್ರತ್ಯೇಕ ಚೌಕಟ್ಟು ಮರಳಿತು, ಹಿಂದಿನ ಬಾಗಿಲುಗಳ ಕೀಲು ಎಂದಿನಂತೆ ಮುಂದಕ್ಕೆ ಬಂತು.

ನೋಟಕ್ಕೆ 1961–63ರ ಕಾರುಗಳೇ ಹೆಚ್ಚು ಶುದ್ಧವೆಂಬುದು ಅನೇಕ ಸಂಗ್ರಾಹಕರ ಅಭಿಪ್ರಾಯ. ರಸ್ತೆಯಲ್ಲಿ ಓಡಿಸುವ ಉದ್ದೇಶವಿದ್ದವರಿಗೆ 1965ರ ನಂತರದವು ಹೆಚ್ಚು ಅನುಕೂಲ. ಎರಡು ಟನ್ನಿಗೂ ಮೀರಿದ ಕಾರನ್ನು ನಿಲ್ಲಿಸುವುದು ಡ್ರಮ್ ಬ್ರೇಕುಗಳಿಗೆ ಸುಲಭದ ಕೆಲಸವಲ್ಲ.

ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ

ಹೊಸದಾಗಿದ್ದಾಗ ಕನ್ವರ್ಟಿಬಲ್ ಮಾದರಿಗೆ ಸೆಡಾನ್‌ಗಿಂತ ಕೇವಲ ಶೇಕಡ 10ರಷ್ಟು ಹೆಚ್ಚು ಬೆಲೆಯಿತ್ತು. ಇಂದು ಆ ಅಂತರ ಹಲವು ಪಟ್ಟು ಬೆಳೆದಿದೆ. ಆದ್ದರಿಂದ ಕಾರಿನ ಗುರುತಿನ ಸಂಖ್ಯೆಯನ್ನು ಓದುವುದು ಮುಖ್ಯ. ಅದರ ಮೊದಲ ಅಂಕೆ ವರ್ಷವನ್ನೂ ಅನಂತರದ ಅಕ್ಷರ ಕಾರ್ಖಾನೆಯನ್ನೂ ಸೂಚಿಸುತ್ತವೆ. ಬಳಿಕ ಬರುವ ಎರಡಂಕಿಯ ಸಂಖ್ಯೆ 82 ಆಗಿದ್ದರೆ ಕಾರು ಸೆಡಾನ್, 86 ಆಗಿದ್ದರೆ ಕನ್ವರ್ಟಿಬಲ್. ಛಾವಣಿ ಕತ್ತರಿಸಿದ ಸೆಡಾನ್ ಮೂಲ ಕನ್ವರ್ಟಿಬಲ್ ಆಗಲಾರದು.

ಕೊಳ್ಳುವವರು ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಅಡಿಭಾಗವನ್ನು. ಪ್ರತ್ಯೇಕ ಚೌಕಟ್ಟು ಇಲ್ಲದಿರುವುದರಿಂದ ನೆಲದ ತಗಡು ಮತ್ತು ಬಾಗಿಲುಗಳ ಕೆಳಗಿನ ತೊಲೆಗಳೇ ಕಾರಿನ ಭಾರವನ್ನು ಹೊರುತ್ತವೆ. ಅಲ್ಲಿ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಾಗಿ ಉಳಿಯದೆ ಬಲದ ಪ್ರಶ್ನೆಯಾಗುತ್ತದೆ. ಎದುರುಬದುರಾದ ಬಾಗಿಲುಗಳ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಸಮನಾಗಿಲ್ಲದಿದ್ದರೆ ಒಡಲು ಜಗ್ಗಿರುವ ಸಾಧ್ಯತೆಯಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳ ಕಾರುಗಳಿಗಿಂತ ಒಣಹವೆಯ ನೈಋತ್ಯ ರಾಜ್ಯಗಳ ಕಾರುಗಳಿಗೆ ಹೆಚ್ಚು ಬೇಡಿಕೆಯಿರಲು ಇದೇ ಕಾರಣ.

ಎಂಜಿನ್ ಗಟ್ಟಿಮುಟ್ಟಾದುದು, ತೊಂದರೆ ಬರುವುದು ಅದರ ಸುತ್ತಲಿನ ಅನುಕೂಲಗಳಿಂದ. ಗಾಜು ಒರೆಸುವ ಕಡ್ಡಿಗಳು ವಿದ್ಯುತ್ತಿನ ಬದಲು ಪವರ್ ಸ್ಟಿಯರಿಂಗ್ ದ್ರವದ ಒತ್ತಡದಿಂದ ಓಡುತ್ತವೆ. ಇಂಥ ಭಾಗಗಳನ್ನು ಬಲ್ಲ ಕುಶಲಕರ್ಮಿಗಳು ಕಡಿಮೆ. ಗುಳಿಬಿದ್ದ ಕ್ರೋಮಿಯಂ ಭಾಗಗಳ ಮರುಲೇಪನವೂ ದುಬಾರಿ. ಶಿಥಿಲವಾದ ಸೆಡಾನ್ ಒಂದನ್ನು ಅಗ್ಗಕ್ಕೆ ಕೊಂಡು ಪೂರ್ತಿ ನವೀಕರಿಸಿದರೆ, ತಗಲುವ ಖರ್ಚು ನವೀಕೃತ ಕಾರಿನ ಮಾರಾಟ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಹೀಗಾಗಿ ಸತತವಾಗಿ ಬಳಕೆಯಲ್ಲಿದ್ದು, ಛಾವಣಿ, ಕಿಟಕಿ, ಬೀಗಗಳೆಲ್ಲ ಕೆಲಸ ಮಾಡುವ ಕಾರಿಗೆ ಹೆಚ್ಚು ಹಣ ತೆರುವುದೇ ವಾಸ್ತವದಲ್ಲಿ ಕಡಿಮೆ ಖರ್ಚಿನ ದಾರಿ. ಇಂಧನದ ಲೆಕ್ಕ ಇದರಲ್ಲಿ ಸೇರಿಲ್ಲ. ಒಂದು ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಅದೇ ಹೆಚ್ಚು.

ಈ ತಲೆಮಾರಿನ ನೆನಪನ್ನು ಲಿಂಕನ್ ತಾನೇ ಮತ್ತೆ ಮಾರಾಟಕ್ಕೆ ತಂದದ್ದೂ ಉಂಟು. ಕಾಂಟಿನೆಂಟಲ್ ಹೆಸರಿಗೆ 80 ವರ್ಷ ತುಂಬಿದ ಸಂದರ್ಭದಲ್ಲಿ, ಹಿಂಬದಿಗೆ ಕೀಲುಳ್ಳ ಬಾಗಿಲುಗಳ 80 ಕಾರುಗಳನ್ನು 2019ರ ಮಾದರಿಯಾಗಿ ಹೊರತಂದಿತು. ಒಂದು ಲಕ್ಷ ಡಾಲರಿಗೂ ಮೀರಿದ ಬೆಲೆಯಿದ್ದರೂ ಅವು ಬೇಗನೆ ಮಾರಾಟವಾದವು. ಸಾಮಾನ್ಯ ಬಾಗಿಲುಗಳ ಕಾಂಟಿನೆಂಟಲ್‌ಗೆ ಅಷ್ಟು ಬೇಡಿಕೆ ಇರಲಿಲ್ಲ. ಅದರ ತಯಾರಿಕೆ 2020ರಲ್ಲಿ ನಿಂತಿತು.