ಬಸ್ಸು ಫ್ರೀ ಆದರೆ ಪ್ರಯಾಣ ಭತ್ಯೆ ರದ್ದೇ?

"ಬಸ್ಸು ಫ್ರೀ ಆಗೋಯ್ತಲ್ಲ, ಇನ್ನ್ಯಾಕವ್ವ ಕನ್ವೇಯನ್ಸು?"

2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಮಾತು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಕಾರ್ಖಾನೆಗಳಲ್ಲಿ ಓಡಾಡುತ್ತಿದೆ. ಸೂಪರ್‌ವೈಸರ್ ಮಾತ್ರ ಹೀಗೆ ಹೇಳಿದ್ದರೆ ಅವನ ಕೆಲಸವೇ ಅದು ಎಂದುಕೊಳ್ಳಬಹುದಿತ್ತು. ಆದರೆ ಭತ್ಯೆ ಕಳೆದುಕೊಳ್ಳಬೇಕಾದ ಹೆಣ್ಣುಮಗಳೇ "ಹೌದಲ್ವಾ, ನಾನೇನು ಟಿಕೆಟ್ ದುಡ್ಡು ಕೊಡ್ತೀನಾ" ಎಂದು ತಲೆಯಾಡಿಸುತ್ತಾಳೆ. ನನಗೆ ತಡೆಯಲಾಗದ್ದು ಇದು.

ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನ ಹಣವನ್ನು ಸಾರಿಗೆ ನಿಗಮಕ್ಕೆ ತುಂಬಿಕೊಡುವುದು ರಾಜ್ಯ ಸರ್ಕಾರ. ಅದು ಹೆಂಗಸಿನ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ ಎಂದು ಮಾಡಿದ ಖರ್ಚು. ಅದೇ ಕಾಸನ್ನು ಕಾರ್ಖಾನೆ ಸಂಬಳದಿಂದ ಕಿತ್ತುಕೊಂಡರೆ ಸರ್ಕಾರದ ದುಡ್ಡು ಹೆಂಗಸಿನ ಬದಲು ಮಾಲೀಕನಿಗೆ ಹೋದಂತಾಯಿತು. ಅಷ್ಟಕ್ಕೂ ಫ್ರೀ ಆಗಿರುವುದಾದರೂ ಎಷ್ಟು? ಗಂಡಸರಿಗಿಲ್ಲ, ಅವರಿಗೆ 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದೆ. ಒಡಿಶಾದಿಂದ, ಬಿಹಾರದಿಂದ ಬಂದು ದುಡಿಯುವ ಹೆಣ್ಣುಮಕ್ಕಳಿಗಿಲ್ಲ, ಏಕೆಂದರೆ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಪಾಂಡವಪುರ ಸ್ಟೇಷನ್ನಿನಲ್ಲಿ ಮೈಸೂರಿನ ರೈಲು ಹತ್ತುವವರಿಗಿಲ್ಲ. ಹಳ್ಳಿಯಿಂದ ಮೇನ್ ರೋಡಿನವರೆಗೆ ಬರುವ ಆಟೊಗೂ ಇಲ್ಲ.

ಇದೆಲ್ಲ ಬದಿಗಿರಲಿ. ಬಸ್ಸು ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ಪೂರ್ತಿ ಫ್ರೀ ಆಗಿದ್ದರೂ ಒಪ್ಪಂದದಲ್ಲಿ ಬರೆದ ಭತ್ಯೆಯನ್ನು ಹಾಗೆ ತೆಗೆಯಲು ಬರುವುದಿಲ್ಲ. ಯೂನಿಯನ್ನೂ ಆಡಳಿತವೂ ಮಾತುಕತೆಗೆ ಕೂತಾಗ ನಡೆಯುವುದೇನು? ತಿಂಗಳಿಗೆ ಒಟ್ಟು ಇಷ್ಟು ಏರಿಕೆ ಎಂದು ಮೊದಲು ತೀರ್ಮಾನವಾಗುತ್ತದೆ. ಆಮೇಲೆ ಆ ಮೊತ್ತವನ್ನು ಮೂಲವೇತನ, ಮನೆಬಾಡಿಗೆ, ಕನ್ವೇಯನ್ಸ್, ಬಟ್ಟೆ ಒಗೆಯುವ ಭತ್ಯೆ ಎಂದು ಹಂಚುತ್ತಾರೆ. ಆಡಳಿತ ಯಾವಾಗಲೂ ಮೂಲವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಉದ್ದ ಮಾಡಲು ನೋಡುತ್ತದೆ, ಏಕೆಂದರೆ ಮೂಲವೇತನ ಏರಿದರೆ ಅದರ ಹಿಂದೆಯೇ ಪಿಎಫ್, ಬೋನಸ್, ಗ್ರಾಚ್ಯುಟಿ ಏರುತ್ತವೆ. ತಿಂಗಳಿಗೆ 500 ರೂಪಾಯಿಯನ್ನು ಮೂಲವೇತನಕ್ಕೆ ಸೇರಿಸುವ ಬದಲು ಕನ್ವೇಯನ್ಸ್ ಎಂದು ಬರೆದರು ಅನ್ನಿ. 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕದಲ್ಲಿ, ಅಂದರೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಎಂದು ಹಿಡಿದರೆ, ಸೇವೆಯ ಪ್ರತಿ ವರ್ಷಕ್ಕೆ ಸುಮಾರು 288 ರೂಪಾಯಿ ಹೋಯಿತು. ಇಪ್ಪತ್ತು ವರ್ಷ ದುಡಿದವಳಿಗೆ ಸುಮಾರು 5,770 ರೂಪಾಯಿ. ಈ ನಷ್ಟವನ್ನು ಒಪ್ಪಿಕೊಂಡೇ ಕಾರ್ಮಿಕರು ಆ ಭತ್ಯೆಗೆ ಸಹಿ ಹಾಕಿರುತ್ತಾರೆ. ಬೆಲೆ ಕೊಟ್ಟು ಪಡೆದದ್ದನ್ನು ಕಂಪನಿಯ ಔದಾರ್ಯ ಎಂದು ಕರೆಯುವುದು ಸುಳ್ಳು.

ಕಾನೂನೂ ಅದನ್ನು ಔದಾರ್ಯವೆಂದು ಕಂಡಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನ ಪ್ರಕಾರ, ನಾಲ್ಕನೇ ಷೆಡ್ಯೂಲಿನಲ್ಲಿರುವ ವಿಷಯಗಳಲ್ಲಿ ಸೇವಾ ಷರತ್ತು ಬದಲಿಸಬೇಕಾದರೆ ಮಾಲೀಕ ನೋಟಿಸ್ ಕೊಡಬೇಕು, ಕೊಟ್ಟ 21 ದಿನದೊಳಗೆ ಬದಲಿಸಕೂಡದು. ಆ ಷೆಡ್ಯೂಲಿನ ಮೂರನೇ ಬಾಬ್ತೇ ಭತ್ಯೆಗಳು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದೇ 21 ದಿನ, ಅದೇ ಭತ್ಯೆಯ ಬಾಬ್ತು ಉಳಿದಿವೆ. ಒಪ್ಪಂದದ ಅವಧಿ ಮುಗಿಯಿತಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಎಲ್‌ಐಸಿ ನೌಕರರ ಬೋನಸ್ ಪ್ರಕರಣದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟು, ಹೊಸ ಒಪ್ಪಂದವೋ ತೀರ್ಪೋ ಕಾನೂನೋ ಬರುವವರೆಗೆ ಹಳೆಯ ಒಪ್ಪಂದವೇ ನಡೆಯುತ್ತದೆ ಎಂದು ಹೇಳಿತು.

ಒಂದು ಕಡೆ ಮಾತ್ರ ಆಡಳಿತದ ಮಾತಿಗೆ ಜಾಗವಿದೆ. ಬಸ್ ಪಾಸೋ ಟಿಕೆಟ್ಟೋ ತೋರಿಸಿ, ಖರ್ಚಾದಷ್ಟು ವಾಪಸ್ ಪಡೆಯತಕ್ಕದ್ದು ಎಂದು ಒಪ್ಪಂದದಲ್ಲೇ ಬರೆದಿದ್ದರೆ, ಖರ್ಚಿಲ್ಲದವರು ಕೇಳುವಂತಿಲ್ಲ. ತಿಂಗಳಿಗೆ ಇಂತಿಷ್ಟು ಎಂದು ನಿಗದಿಯಾಗಿದ್ದರೆ ಬಸ್ಸಿನಲ್ಲಿ ಬಂದರೇನು, ಗಂಡನ ಬೈಕಿನಲ್ಲಿ ಬಂದರೇನು, ಆ ದುಡ್ಡು ಅವಳದೇ.

ಇದಕ್ಕೆ ತದ್ವಿರುದ್ಧದ ನಂಬಿಕೆಯೂ ಒಂದಿದೆ: ಪ್ರಯಾಣ ಭತ್ಯೆ ಕಾನೂನಿನಂತೆ ಎಲ್ಲ ಕಾರ್ಮಿಕರಿಗೂ ಬರಲೇಬೇಕು ಅನ್ನುವುದು. ಹಾಗೆ ಹೇಳುವ ಕಾನೂನಿಲ್ಲ. ರಾತ್ರಿ ಪಾಳಿಗೆ ಹೆಂಗಸರನ್ನು ಕರೆಸುವ ಕಾರ್ಖಾನೆ ವಾಹನ ಒದಗಿಸಬೇಕೆಂಬ ಷರತ್ತಿದೆ. ಮಿಕ್ಕಂತೆ ಭತ್ಯೆ ಹುಟ್ಟುವುದು ಒಪ್ಪಂದದಿಂದ, ಇಲ್ಲವೇ ನೇಮಕದ ಪತ್ರದಿಂದ. ಒಪ್ಪಂದಕ್ಕೆ ಸಹಿ ಹಾಕಲು ಯೂನಿಯನ್ನಿಗೆ ಮೊದಲು ಮನ್ನಣೆ ಸಿಗಬೇಕು, ಅದು ಸುಮ್ಮನೆ ಸಿಗುವುದಲ್ಲ. 2020ರ ಜೂನಿನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಶ್ರೀರಂಗಪಟ್ಟಣದ ಘಟಕದಲ್ಲಿ ಸುಮಾರು 1,200 ಮಂದಿಗೆ ಒಮ್ಮೆಲೇ ಕೆಲಸವಿಲ್ಲವಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಾರ್ಖಾನೆ ಎದುರು ವಾರಗಟ್ಟಲೆ ಕೂತರು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿಗೆ ಮನ್ನಣೆಯೂ ಮರುನೇಮಕದ ಒಪ್ಪಂದವೂ ಸಿಕ್ಕಿದ್ದು 2021ರ ಆರಂಭದಲ್ಲಿ. ಅಷ್ಟು ಹೋರಾಡಿದ ತಾಲ್ಲೂಕಿನಲ್ಲೇ ಒಪ್ಪಂದದ ಕಾಗದವನ್ನು ಹಗುರವಾಗಿ ಕಂಡರೆ ಹೊಟ್ಟೆ ಉರಿಯುತ್ತದೆ.

ಮಿಕ್ಕ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಭತ್ಯೆ ಯೂನಿಯನ್ ಸದಸ್ಯರಿಗೆ ಮಾತ್ರ ಅನ್ನುವುದು ತಪ್ಪು. ಕಾರ್ಮಿಕ ಇಲಾಖೆಯ ಅಧಿಕಾರಿಯ ಸಂಧಾನದಲ್ಲಿ ಆದ ಒಪ್ಪಂದ ಸದಸ್ಯರಲ್ಲದವರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಕನಿಷ್ಠ ವೇತನದ ಮೊತ್ತದೊಳಗೆ ಕನ್ವೇಯನ್ಸನ್ನೂ ಸೇರಿಸಿ ತೋರಿಸುವುದು ತಪ್ಪು. 1948ರ ಕನಿಷ್ಠ ವೇತನ ಕಾಯ್ದೆ ಪ್ರಯಾಣ ಭತ್ಯೆಯನ್ನು ವೇತನದಿಂದ ಹೊರಗೇ ಇಟ್ಟಿತ್ತು. ಯಾವ ಭತ್ಯೆಗೂ ಪಿಎಫ್ ಇಲ್ಲ ಅನ್ನುವುದೂ ತಪ್ಪು. ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆ ಮೂಲವೇತನದ ಭಾಗವೇ ಎಂದು ಸುಪ್ರೀಂ ಕೋರ್ಟು 2019ರ ಫೆಬ್ರುವರಿಯಲ್ಲಿ ಹೇಳಿದೆ. ಭತ್ಯೆ ಕೊಟ್ಟಮೇಲೆ ದಾರಿಯ ಅಪಘಾತಕ್ಕೆ ಕಂಪನಿ ಹೊಣೆಯಲ್ಲ ಎಂಬ ಮಾತಿಗಂತೂ ತಲೆಯೂ ಇಲ್ಲ ಬುಡವೂ ಇಲ್ಲ. ಇಎಸ್ಐ ಇರುವವರಿಗೆ ಮನೆ ಮತ್ತು ಕಾರ್ಖಾನೆ ನಡುವಿನ ಅಪಘಾತಕ್ಕೂ ಪರಿಹಾರವಿದೆ ಎಂದು 2010ರಲ್ಲೇ ಕಾಯ್ದೆಗೆ ಸೇರಿಸಿದ್ದಾರೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಕೆಲಸಕ್ಕೆ ಬರುವಾಗ ಐದು ಕಿಲೋಮೀಟರ್ ದೂರದಲ್ಲೇ ಸತ್ತಿದ್ದ. ಅವನ ಮನೆಯವರಿಗೆ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ತೀರ್ಪು ಕೊಟ್ಟಿದೆ.

ಗೇಟಿನಲ್ಲಿ ಕೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು ಕಾನೂನಾಗಿಬಿಡುತ್ತದೆ. ಹೊಸ ವೇತನ ಸಂಹಿತೆ ಭತ್ಯೆಗಳನ್ನೇ ರದ್ದು ಮಾಡಿತಂತೆ ಅನ್ನುವುದು ಅದರಲ್ಲಿ ತೀರಾ ಹೊಸದು. ವೇತನ ಸಂಹಿತೆ ಹೇಳಿದ್ದು ಬೇರೆ: ಇಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಅದರಿಂದ ಕಾರ್ಮಿಕರ ಪಿಎಫ್, ಗ್ರಾಚ್ಯುಟಿ ಹೆಚ್ಚಬೇಕೇ ಹೊರತು ಭತ್ಯೆ ಮಾಯವಾಗುವುದಿಲ್ಲ. ಕಬ್ಬಿನ ಲೋಡು ತೂಗಿದಾಗ ತೂಕದ ಚೀಟಿಯನ್ನು ಎರಡೆರಡು ಸಲ ನೋಡುವ ಜಿಲ್ಲೆ ನಮ್ಮದು. ಅದೇ ಮನೆಯ ಮಗಳು ಪೇ ಸ್ಲಿಪ್ಪನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಯಾರೋ ಹೇಳಿದ್ದನ್ನು ನಂಬಿ ಬರುತ್ತಾಳೆ. ಒಪ್ಪಂದದ ಪ್ರತಿಯನ್ನು ಯೂನಿಯನ್ ಪದಾಧಿಕಾರಿಗಳ ಹತ್ತಿರ ಕೇಳಿ. ಅವರು ಕೊಡದಿದ್ದರೆ ಮಂಡ್ಯದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಒಪ್ಪಂದವಾದಾಗ ಅಧಿಕಾರಿಗಳಿಗೆ ಒಂದು ಪ್ರತಿ ಹೋಗಲೇಬೇಕೆಂಬುದು ಹಳೆಯ ಕಾಯ್ದೆಯ ನಿಯಮ. ಅದರಲ್ಲಿ ಕನ್ವೇಯನ್ಸ್ ಎಂಬ ಬಾಬ್ತಿನ ಎದುರು ಏನಿದೆ, ಟಿಕೆಟ್ ತೋರಿಸಬೇಕೆಂದಿದೆಯೋ, ತಿಂಗಳಿಗೆ ಇಂತಿಷ್ಟು ಎಂದಿದೆಯೋ ನೋಡಿ. ಆಮೇಲೆ ಸೂಪರ್‌ವೈಸರ್ ಹತ್ತಿರ ಮಾತಾಡಿ.